ಉಂಗುರದಿಂದ ಆರಂಭಿಸಿ: ಸಸ್ಯಗಳ ಹೆಟರೊಸೈಕ್ಲಿಕ್ ಟರ್ಪೀನುಗಳನ್ನು ಅಭ್ಯಸಿಸುವ ಕ್ರಮ

ಬೆಂಗಳೂರಿನ ಕಾಲೇಜುಗಳಲ್ಲಿ ರಸಾಯನಶಾಸ್ತ್ರ, ಔಷಧ ವಿಜ್ಞಾನ, ಸಸ್ಯಶಾಸ್ತ್ರ ಅಥವಾ ಆಯುರ್ವೇದ ಓದುವವರು ಕೊನೆಯ ವರ್ಷದ ಪ್ರಾಜೆಕ್ಟಿಗೆ ಔಷಧೀಯ ಗಿಡವೊಂದನ್ನು ಆರಿಸಿಕೊಳ್ಳುವುದು ವಾಡಿಕೆ. ಎಲೆಯನ್ನು ಒಣಗಿಸಿ, ಪುಡಿ ಮಾಡಿ, ಸಾಕ್ಸ್‌ಲೆಟ್ ಎಂಬ ಬಿಸಿ ದ್ರಾವಕದ ಉಪಕರಣದಲ್ಲಿ ಮೆಥನಾಲ್ ಹಾಕಿ ಕುದಿಸಿ, ಬಂದ ಕಡುಹಸಿರು ಸಾರವನ್ನು ನಾಲ್ಕಾರು ಬ್ಯಾಕ್ಟೀರಿಯಾಗಳ ಮೇಲೆ ಪರೀಕ್ಷಿಸಿ, ‘ಟರ್ಪಿನಾಯ್ಡುಗಳು ಇರುವುದರಿಂದ ಈ ಗಿಡಕ್ಕೆ ಜೈವಿಕ ಚಟುವಟಿಕೆ ಇದೆ’ ಎಂದು ಬರೆದು ಮುಗಿಸಿದ ವರದಿಗಳು ಗ್ರಂಥಾಲಯಗಳ ಕಪಾಟುಗಳಲ್ಲಿ ಸಾಲುಗಟ್ಟಿ ನಿಂತಿವೆ. ಯಾವ ಟರ್ಪೀನು, ಅದರ ಯಾವ ಭಾಗ, ಎಷ್ಟು ಪ್ರಮಾಣದಲ್ಲಿ, ಯಾವುದರ ಮೇಲೆ ಕೆಲಸ ಮಾಡಿತು ಎಂಬ ಪ್ರಶ್ನೆಗಳಿಗೆ ಅಂಥ ವರದಿಗಳಲ್ಲಿ ಉತ್ತರ ಸಿಗುವುದಿಲ್ಲ. ಈ ಕೈಪಿಡಿ ಬೇರೊಂದು ಕ್ರಮವನ್ನು ಸೂಚಿಸುತ್ತದೆ. ಗಿಡದ ಖ್ಯಾತಿಯಿಂದ ಹೊರಡದೆ, ಅದರ ಅಣುವಿನಲ್ಲಿರುವ ಉಂಗುರದಿಂದ ಹೊರಡಬೇಕು. ಏಕೆಂದರೆ ಹೆಟರೊಸೈಕ್ಲಿಕ್ ಟರ್ಪೀನುಗಳ, ಅಂದರೆ ಪರಮಾಣುಗಳ ಉಂಗುರದಲ್ಲಿ ಇಂಗಾಲವಲ್ಲದ ಪರಮಾಣುವೂ ಇರುವ ಸಸ್ಯದ ಅಣುಗಳ ಮಟ್ಟಿಗೆ, ಎಲೆಯನ್ನು ಒಣಗಿಸುವ ರೀತಿಯಿಂದ ಹಿಡಿದು ನಿಯಂತ್ರಣ ಪ್ರಯೋಗದ ಆಯ್ಕೆಯವರೆಗೆ ಮುಂದಿನ ಬಹುತೇಕ ನಿರ್ಧಾರಗಳು ಆ ಉಂಗುರವನ್ನೇ ಅವಲಂಬಿಸಿರುತ್ತವೆ.

ಯಾವುದು ಈ ಗುಂಪಿಗೆ ಸೇರುತ್ತದೆ

ಐದು ಇಂಗಾಲಗಳ ಐಸೊಪ್ರೀನ್ ಘಟಕಗಳು ಜೋಡಣೆಯಾಗಿ ಟರ್ಪೀನುಗಳು ರೂಪುಗೊಳ್ಳುತ್ತವೆ. ಹತ್ತು ಇಂಗಾಲಗಳಿದ್ದರೆ ಮಾನೊಟರ್ಪೀನು, ಹದಿನೈದಿದ್ದರೆ ಸೆಸ್ಕ್ವಿಟರ್ಪೀನು, ಇಪ್ಪತ್ತಿದ್ದರೆ ಡೈಟರ್ಪೀನು, ಮೂವತ್ತಿದ್ದರೆ ಟ್ರೈಟರ್ಪೀನು. ಸುಗಂಧ ತೈಲಗಳ ರಸಾಯನವನ್ನು ವ್ಯವಸ್ಥಿತವಾಗಿ ಬಿಡಿಸಿದ ಆಟ್ಟೊ ವಾಲಾಖ್ ಅವರಿಗೆ 1910ರಲ್ಲಿಯೂ, ಐಸೊಪ್ರೀನ್ ನಿಯಮವನ್ನು ಗಟ್ಟಿಗೊಳಿಸಿದ ಲಿಯೊಪೋಲ್ಡ್ ರುಜಿಚ್ಕಾ ಅವರಿಗೆ 1939ರಲ್ಲಿಯೂ ನೊಬೆಲ್ ಪ್ರಶಸ್ತಿ ಸಂದಿತು. ಕಟ್ಟುನಿಟ್ಟಾಗಿ ಹೇಳುವುದಾದರೆ ಇಂಗಾಲ ಮತ್ತು ಜಲಜನಕ ಮಾತ್ರ ಇರುವವು ಟರ್ಪೀನುಗಳು, ಆಮ್ಲಜನಕ ಮುಂತಾದವು ಸೇರಿದರೆ ಟರ್ಪಿನಾಯ್ಡುಗಳು. ಆದರೆ ಪ್ರಯೋಗಾಲಯದ ಮಾತಿನಲ್ಲಿ ಎರಡನ್ನೂ ಟರ್ಪೀನು ಎಂದೇ ಕರೆಯುವುದು ರೂಢಿ, ಇಲ್ಲಿಯೂ ಹಾಗೆಯೇ ಬಳಸಿದೆ.

ಉಂಗುರದ ಸುತ್ತಳತೆಯಲ್ಲಿಯೇ ಇಂಗಾಲವಲ್ಲದ ಪರಮಾಣುವೊಂದು ಕುಳಿತಿದ್ದರೆ ಆ ಟರ್ಪೀನು ಹೆಟರೊಸೈಕ್ಲಿಕ್ ಆಗುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಅದು ಆಮ್ಲಜನಕ, ಕೆಲವೆಡೆ ಸಾರಜನಕ, ಅಪರೂಪಕ್ಕೆ ಗಂಧಕ. ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಕರ್ಪೂರದಲ್ಲಿ ಆಮ್ಲಜನಕವಿದೆ, ಉಂಗುರವೂ ಇದೆ. ಆದರೆ ಆ ಆಮ್ಲಜನಕ ಉಂಗುರದ ಹೊರಗೆ ಕೀಟೋನಾಗಿ ನಿಂತಿರುವುದರಿಂದ ಕರ್ಪೂರ ಈ ಗುಂಪಿಗೆ ಸೇರುವುದಿಲ್ಲ. ನೀಲಗಿರಿ ಎಣ್ಣೆಯ 1,8-ಸಿನಿಯೋಲ್ ಸೇರುತ್ತದೆ, ಅದರ ಆಮ್ಲಜನಕ ಸೇತುವೆಯಾಗಿ ಉಂಗುರದೊಳಗೇ ಇದೆ. ಪುದೀನ ಜಾತಿಯ ಮೆಂಥಾಲ್, ಓಮದ ಥೈಮಾಲ್, ದೊಡ್ಡಪತ್ರೆಯ ಕಾರ್ವಕ್ರಾಲ್, ಶ್ರೀಗಂಧದ ಸ್ಯಾಂಟಲಾಲ್ ಇವು ಯಾವುವೂ ಹೆಟರೊಸೈಕ್ಲಿಕ್ ಅಲ್ಲ. ಇನ್ನೊಂದು ಎಚ್ಚರ: ಟರ್ಪೀನಿಗೆ ಸಕ್ಕರೆ ಅಂಟಿಕೊಂಡಿದ್ದರೆ ಸಕ್ಕರೆಯ ಉಂಗುರದಲ್ಲಿರುವ ಆಮ್ಲಜನಕವನ್ನು ಲೆಕ್ಕಕ್ಕೆ ಹಿಡಿಯಬಾರದು. ಸ್ಟೀವಿಯಾ ಎಲೆಯ ಸ್ಟೀವಿಯೊಸೈಡ್ ಸಕ್ಕರೆಯ ಕಾರಣಕ್ಕಷ್ಟೇ ಹೆಟರೊಸೈಕ್ಲಿಕ್‌ನಂತೆ ಕಾಣುತ್ತದೆ, ಅದರ ಟರ್ಪೀನು ಹಂದರದ ಉಂಗುರಗಳೆಲ್ಲ ಶುದ್ಧ ಇಂಗಾಲದವು. ಆದ್ದರಿಂದ ಮೊದಲ ಕೆಲಸವಾಗಿ, ನಿಮ್ಮ ಗಿಡದಲ್ಲಿ ಈಗಾಗಲೇ ವರದಿಯಾಗಿರುವ ಪ್ರಮುಖ ಸಂಯುಕ್ತಗಳ ರಚನೆಗಳನ್ನು ಪಬ್‌ಕೆಮ್ ಎಂಬ ಆನ್‌ಲೈನ್ ರಚನಾಕೋಶದಲ್ಲಿ ನೋಡಿ ಕೈಯಿಂದಲೇ ಹಾಳೆಯ ಮೇಲೆ ಬಿಡಿಸಿ, ಒಂದೊಂದು ಉಂಗುರವನ್ನೂ ಪೆನ್ಸಿಲಿನಿಂದ ಸುತ್ತಿ ಬನ್ನಿ. ಅಣುವನ್ನು ಕೈಯಲ್ಲಿ ಬಿಡಿಸದೆ ಹೆಸರನ್ನು ಮಾತ್ರ ನಕಲು ಮಾಡಿಕೊಂಡವರಿಗೆ ಮುಂದಿನ ಯಾವ ಹಂತವೂ ಅರ್ಥವಾಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಉಂಗುರದ ಬಗೆ ಮತ್ತು ಅದರ ನಡತೆ

ಅತ್ಯಂತ ಸೌಮ್ಯವಾದದ್ದು ಈಥರ್ ಉಂಗುರ, ಅಂದರೆ ಎರಡು ಇಂಗಾಲಗಳ ನಡುವೆ ಒಂದು ಆಮ್ಲಜನಕ ಸೇತುವೆಯಾಗಿರುವ ಉಂಗುರ. ಸಿನಿಯೋಲ್ ಇದರ ಮಾದರಿ: ಅಣುಸೂತ್ರ ಸಿ10ಎಚ್18ಒ, ಅಣುತೂಕ 154, ಕುದಿಬಿಂದು ಸುಮಾರು 176 ಡಿಗ್ರಿ ಸೆಲ್ಸಿಯಸ್. ಅದು ಸುಲಭವಾಗಿ ಯಾವುದರ ಜೊತೆಗೂ ಬಂಧ ಬೆಸೆಯುವುದಿಲ್ಲ. ಕೋಶದ ಪೊರೆಯೊಳಗೆ ನುಸುಳಿ, ತಂಪನ್ನು ಗ್ರಹಿಸುವ ಟಿಆರ್‌ಪಿಎಂ8 ಗ್ರಾಹಿಯಂಥ ಪ್ರೋಟೀನುಗಳನ್ನು ತನ್ನ ಆಕಾರದಿಂದ ಪ್ರಚೋದಿಸುತ್ತದೆ. ಜರ್ಮನಿಯಲ್ಲಿ 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಸ್ಟೀರಾಯ್ಡ್ ಮಾತ್ರೆಗಳನ್ನು ಅವಲಂಬಿಸಿದ್ದ 32 ಅಸ್ತಮಾ ರೋಗಿಗಳಲ್ಲಿ ಒಂದು ಗುಂಪಿಗೆ ದಿನಕ್ಕೆ ಮೂರು ಬಾರಿ 200 ಮಿಲಿಗ್ರಾಂ ಸಿನಿಯೋಲ್ ಕೊಟ್ಟಾಗ ಆ ಗುಂಪಿನ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡಿನ ಅಗತ್ಯ ಶೇ. 36ರಷ್ಟು ಇಳಿದರೆ, ಹುಸಿಮದ್ದು ಪಡೆದವರಲ್ಲಿ ಶೇ. 7ರಷ್ಟು ಮಾತ್ರ ಇಳಿಯಿತು. ಗುಂಪು ಚಿಕ್ಕದು, ಆದರೂ ಗಿಡದ ಅಣುವೊಂದನ್ನು ಶುದ್ಧ ರೂಪದಲ್ಲಿ, ಗೊತ್ತಾದ ಪ್ರಮಾಣದಲ್ಲಿ, ಹುಸಿಮದ್ದಿನ ಎದುರು ಪರೀಕ್ಷಿಸಿದ ಕ್ರಮಕ್ಕಾಗಿ ಇದನ್ನು ಗಮನಿಸಬೇಕು. ಇದೇ ಅಣುವುಳ್ಳ ನೀಲಗಿರಿ ಎಣ್ಣೆಯನ್ನು ಮಕ್ಕಳು ಕೆಲವೇ ಮಿಲಿಲೀಟರಿನಷ್ಟು ಕುಡಿದರೂ ಅಪಸ್ಮಾರದಂಥ ಸೆಳೆತ ಮತ್ತು ಪ್ರಜ್ಞಾಹೀನತೆ ಉಂಟಾಗಬಲ್ಲದು.

ಈಥರ್ ಉಂಗುರದ ದೊಡ್ಡ ಅಣುಗಳಲ್ಲಿ ಮಾಕಂದಿ ಬೇರಿನ ಫೋರ್ಸ್ಕೋಲಿನ್ ಮುಖ್ಯವಾದುದು. 1970ರ ದಶಕದಲ್ಲಿ ಭಾರತದ ಪ್ರಯೋಗಾಲಯಗಳಲ್ಲಿಯೇ ಬೇರ್ಪಟ್ಟ ಈ ಡೈಟರ್ಪೀನು ಕೋಶದ ಅಡೆನೈಲಿಲ್ ಸೈಕ್ಲೇಸ್ ಕಿಣ್ವವನ್ನು ನೇರವಾಗಿ ಎಬ್ಬಿಸಿ ಕೋಶದೊಳಗೆ ಸಂದೇಶ ಒಯ್ಯುವ ಸೈಕ್ಲಿಕ್ ಎಎಂಪಿಯ ಮಟ್ಟವನ್ನು ಏರಿಸುತ್ತದೆಂದು 1981ರಲ್ಲಿ ಗೊತ್ತಾಯಿತು, ಅಂದಿನಿಂದ ಕೋಶ ಜೀವಶಾಸ್ತ್ರದ ಪ್ರಯೋಗಾಲಯಗಳ ಫ್ರೀಜರುಗಳಲ್ಲಿ ಅದಕ್ಕೊಂದು ಕಾಯಂ ಜಾಗವಿದೆ.

ಲ್ಯಾಕ್ಟೋನ್ ಉಂಗುರದ, ಅಂದರೆ ಆಮ್ಲಜನಕದ ಪಕ್ಕದಲ್ಲಿಯೇ ಕಾರ್ಬೊನಿಲ್ (ಇಂಗಾಲ-ಆಮ್ಲಜನಕದ ಜೋಡಿಬಂಧ) ಇರುವ ಉಂಗುರದ, ಕಥೆ ಬೇರೆ. ಉಂಗುರಕ್ಕೆ ಅಂಟಿದಂತೆ ಇಂಗಾಲದ ಜೋಡಿಬಂಧವೊಂದು ಕಾರ್ಬೊನಿಲ್‌ನ ಪಕ್ಕದಲ್ಲಿ ಇದ್ದರೆ ಆ ಅಣು ಪ್ರೋಟೀನುಗಳ ಸಿಸ್ಟೀನ್ ಎಂಬ ಅಮೈನೊ ಆಮ್ಲದಲ್ಲಿರುವ ಗಂಧಕವನ್ನು ಹಿಡಿದುಕೊಳ್ಳುತ್ತದೆ, ಹಿಡಿದರೆ ಸುಲಭವಾಗಿ ಬಿಡುವುದಿಲ್ಲ. ಬೆಂಗಳೂರಿನಲ್ಲಿ ಇದರ ಉದಾಹರಣೆಗೆ ಹುಡುಕಾಟ ಬೇಕಿಲ್ಲ: ಪ್ರತಿಯೊಂದು ಖಾಲಿ ಸೈಟಿನಲ್ಲಿಯೂ ಮಳೆ ಬಿದ್ದ ಕೂಡಲೇ ಎದ್ದು ನಿಲ್ಲುವ ಕಾಂಗ್ರೆಸ್ ಗಿಡದ ಪಾರ್ಥೆನಿನ್, ಸಿ15ಎಚ್18ಒ4, ಅಣುತೂಕ 262. ಅದರಲ್ಲಿ ಗಂಧಕವನ್ನು ಹಿಡಿಯಬಲ್ಲ ತಾಣಗಳು ಎರಡಿವೆ. ಒಂದು ಲ್ಯಾಕ್ಟೋನಿನ ಮೇಲೆ, ಇನ್ನೊಂದು ಪಕ್ಕದ ಐದು ಇಂಗಾಲಗಳ ಉಂಗುರದಲ್ಲಿ. ಚರ್ಮದ ಪ್ರೋಟೀನುಗಳಿಗೆ ಅದು ಹೀಗೆ ಅಂಟಿಕೊಂಡು, ದೇಹ ಆ ಬದಲಾದ ಪ್ರೋಟೀನನ್ನು ಪರಕೀಯವೆಂದು ಗುರುತಿಸಿದಾಗ ಮುಖ, ಕುತ್ತಿಗೆ, ಮೊಣಕೈಗಳಲ್ಲಿ ತುರಿಕೆಯ ಅಲರ್ಜಿ ಏಳುತ್ತದೆ. ಇದೇ ಅಣು ಸುತ್ತಲಿನ ಇತರ ಗಿಡಗಳ ಬೀಜ ಮೊಳೆಯದಂತೆಯೂ ತಡೆಯುತ್ತದೆ. ಈ ಕಳೆಯನ್ನು ತಿನ್ನಲೆಂದು ಮೆಕ್ಸಿಕೊದಿಂದ ತರಿಸಿದ ಜೈಗೊಗ್ರಾಮಾ ದುಂಬಿಯನ್ನು ದೇಶದಲ್ಲಿ ಮೊದಲಿಗೆ ಬಿಟ್ಟಿದ್ದು ಬೆಂಗಳೂರಿನಲ್ಲಿಯೇ, 1984ರಲ್ಲಿ. ನೆಲಬೇವಿನ ಆಂಡ್ರೊಗ್ರಾಫೊಲೈಡ್ ಕೂಡ ಲ್ಯಾಕ್ಟೋನೇ. ಉರಿಯೂತವನ್ನು ನಡೆಸುವ ಎನ್‌ಎಫ್-ಕಪ್ಪಾಬಿ ಎಂಬ ಪ್ರೋಟೀನಿನ ಒಂದು ಸಿಸ್ಟೀನ್‌ಗೆ ಅದು ಬಂಧ ಬೆಸೆಯುವುದೆಂದು 2004ರಲ್ಲಿ ವರದಿಯಾಗಿದೆ. ಒಂದು ಗಿಡ ಕಳೆ, ಇನ್ನೊಂದು ಮದ್ದು ಎಂದು ನಾವು ಬೇರ್ಪಡಿಸಿದರೂ ಎರಡರ ರಸಾಯನದ ಮೂಲತಂತ್ರ ಒಂದೇ ಎಂಬುದನ್ನು ವರದಿ ಬರೆಯುವವರು ಮರೆಯಬಾರದು.

ಮೂರನೆಯದು ಎಂಡೋಪೆರಾಕ್ಸೈಡ್, ಅಂದರೆ ಉಂಗುರದೊಳಗೆ ಎರಡು ಆಮ್ಲಜನಕಗಳು ಒಂದಕ್ಕೊಂದು ನೇರವಾಗಿ ಬೆಸೆದುಕೊಂಡಿರುವ ರಚನೆ. ಆ ಬಂಧ ದುರ್ಬಲವಾದುದು, ಅಣುವಿನ ಶಕ್ತಿಯೂ ಅಲ್ಲಿಯೇ ಇದೆ. ಆರ್ಟೆಮಿಸಿನಿನ್‌ನಲ್ಲಿ (ಸಿ15ಎಚ್22ಒ5, ಅಣುತೂಕ 282) ಈ ಬಂಧವು ಮಲೇರಿಯಾ ಪರೋಪಜೀವಿಯೊಳಗಿನ ಹೀಮ್ ಕಬ್ಬಿಣದ ಸಂಪರ್ಕದಿಂದ ಒಡೆದು, ಹುಟ್ಟಿದ ಮುಕ್ತ ರ್‍ಯಾಡಿಕಲ್‌ಗಳು ಸುತ್ತಲಿನ ಪ್ರೋಟೀನುಗಳನ್ನು ಹಾಳುಗೆಡವುತ್ತವೆ. ಹೀಗಾಗಿ ನ್ಯಾನೊಮೋಲಾರ್ ಮಟ್ಟದಲ್ಲಿಯೇ ಅದು ಪರೋಪಜೀವಿಯನ್ನು ಕೊಲ್ಲುತ್ತದೆ. ಚೀನಾದ ತು ಯೂಯೂ ಅವರ ತಂಡ ಮೊದಲು ಈ ಅಣುವಿನ ಮೂಲವಾದ ಆರ್ಟೆಮಿಸಿಯಾ ಗಿಡವನ್ನು ಬಿಸಿಯಲ್ಲಿ ಸಂಸ್ಕರಿಸಿದಾಗ ಫಲಿತಾಂಶಗಳು ಒಂದರಂತೆ ಇನ್ನೊಂದು ಬರುತ್ತಿರಲಿಲ್ಲ. ಎಲೆಯನ್ನು ನೀರಿನಲ್ಲಿ ನೆನೆಸಿ ಹಿಂಡಿ ಕುಡಿಯಬೇಕೆಂದು ಹೇಳುವ ನಾಲ್ಕನೆಯ ಶತಮಾನದ ಚೀನೀ ವೈದ್ಯ ಬರಹವೊಂದರಲ್ಲಿ ಕುದಿಸುವ ಮಾತೇ ಇಲ್ಲದಿರುವುದನ್ನು ಗಮನಿಸಿ, ಅವರು 35 ಡಿಗ್ರಿಯಲ್ಲಿಯೇ ಕುದಿಯುವ ಈಥರ್ ಎಂಬ ದ್ರಾವಕಕ್ಕೆ ಬದಲಾದರು. 1972ರಲ್ಲಿ ಶುದ್ಧ ಹರಳುಗಳು ದೊರೆತವು, 2015ರಲ್ಲಿ ನೊಬೆಲ್ ಬಂದಿತು. ಇದೇ ಬಗೆಯ ಬಂಧವುಳ್ಳ ಆಸ್ಕರಿಡೋಲ್ ಹಿಂದೆ ಜಂತುಹುಳುವಿನ ಮದ್ದಾಗಿ ಬಳಕೆಯಲ್ಲಿತ್ತು; ವಿಷಕಾರಿಯಾದ್ದರಿಂದ ಕೈಬಿಡಲಾಯಿತು. ಕಾಯಿಸಿದರೆ ಅದು ಸಿಡಿಯುತ್ತದೆ.

ಉಳಿದವನ್ನು ಬೇಗ ಮುಗಿಸಬಹುದು. ಪುದೀನ ಜಾತಿಯ ಕೆಲವು ಗಿಡಗಳ ಮೆಂಥೊಫ್ಯೂರಾನ್‌ನಲ್ಲಿರುವ ಫ್ಯೂರಾನ್ ಉಂಗುರವನ್ನು ಯಕೃತ್ತಿನ ಕಿಣ್ವಗಳು ಹೆಚ್ಚು ಚುರುಕಾದ ವಸ್ತುವಾಗಿ ಬದಲಿಸುವುದರಿಂದ ಅದು ಯಕೃತ್ತಿಗೇ ಹಾನಿಕರ. ಲವಂಗ, ಕಾಳುಮೆಣಸುಗಳ ಎಣ್ಣೆಯಲ್ಲಿ ಸಿಗುವ ಕ್ಯಾರಿಯೊಫಿಲೀನ್ ಆಕ್ಸೈಡ್ ಮೂರು ಸದಸ್ಯರ ಎಪಾಕ್ಸೈಡ್ ಉಂಗುರವುಳ್ಳದ್ದು, ಅದರಲ್ಲಿ ಒಂದು ಪಾಲು ಎಣ್ಣೆ ಗಾಳಿಗೆ ತೆರೆದುಕೊಂಡಾಗ ಉಂಟಾದದ್ದೂ ಇರಬಹುದು. ಕಾಕಮಾರಿ ಬೀಜದ ಪಿಕ್ರೊಟಾಕ್ಸಿನಿನ್ ಮಿದುಳಿನ ಗಾಬಾ ಗ್ರಾಹಿಗಳನ್ನು ತಡೆದು ಸೆಳೆತ ತರುವ ವಿಷ. ಪದವಿ ಪ್ರಾಜೆಕ್ಟಿಗೆ ಅದು ಬೇಡ. ಸಾರಜನಕದ ಉಂಗುರವುಳ್ಳ ಆಕ್ಟಿನಿಡಿನ್‌ನಂಥವು ಕಡಿಮೆ, ಸುಲಭವಾಗಿ ಸಿಗುವುದೂ ಇಲ್ಲ.

ಗಿಡವನ್ನು ಗುರುತಿಸಿ ತರುವುದು

ಹೊಸಬರಿಗೆ ನಾನು ಸೂಚಿಸುವುದು ನಾಲ್ಕು ಗಿಡಗಳನ್ನು: ನೀಲಗಿರಿ, ನೆಲಬೇವು, ಕಾಂಗ್ರೆಸ್ ಗಿಡ ಮತ್ತು ಬೇವು. ನಾಲ್ಕೂ ನಗರದ ಆಸುಪಾಸಿನಲ್ಲಿ ಸಿಗುತ್ತವೆ, ನಾಲ್ಕರ ಉಂಗುರಗಳೂ ಬೇರೆ ಬೇರೆ ಪಾಠ ಕಲಿಸುತ್ತವೆ. ಗ್ರಂಥಿಗೆ ಅಂಗಡಿಯಲ್ಲಿ ಒಣ ಗಿಡ ಕೊಳ್ಳುವುದು ಸುಲಭವೆನಿಸಿದರೂ ಅಲ್ಲೊಂದು ತೊಡಕಿದೆ. ಹಿಮಾಲಯದ ಕಿರಾತಕಡ್ಡಿಯ ಹೆಸರಿನಲ್ಲಿ ನೆಲಬೇವನ್ನೂ, ನೆಲಬೇವಿನ ಹೆಸರಿನಲ್ಲಿ ಬೇರೊಂದು ಕಹಿ ಕಡ್ಡಿಯನ್ನೂ ಕೊಡುವುದುಂಟು. ಕಿರಾತಕಡ್ಡಿಯ ಅಮರೊಜೆಂಟಿನ್, ಸ್ವೆರ್ಶಿಯಾಮರಿನ್‌ಗಳೂ ಆಮ್ಲಜನಕದ ಉಂಗುರವುಳ್ಳ ಟರ್ಪೀನುಗಳೇ ಆದ್ದರಿಂದ ಕಹಿ ರುಚಿಯನ್ನು ನಂಬಿ ನಿರ್ಧರಿಸಲಾಗದು. ಹೂವಿರುವ ರೆಂಬೆಯೊಂದನ್ನು ಒತ್ತಿ ಒಣಗಿಸಿ, ಯಲಹಂಕದ ಬಳಿಯ ಟ್ರಾನ್ಸ್-ಡಿಸಿಪ್ಲಿನರಿ ವಿಶ್ವವಿದ್ಯಾಲಯದ ಅಥವಾ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂನಂಥ (ಒಣಗಿಸಿದ ಸಸ್ಯ ಮಾದರಿಗಳ ಸಂಗ್ರಹ) ಕಡೆ ತಜ್ಞರಿಂದ ಗುರುತಿಸಿಕೊಂಡು, ಆ ಮಾದರಿಯ ಸಂಖ್ಯೆಯನ್ನು ವರದಿಯಲ್ಲಿ ನಮೂದಿಸಬೇಕು. ಲಾಲ್‌ಬಾಗ್, ಕಬ್ಬನ್ ಉದ್ಯಾನಗಳು ತೋಟಗಾರಿಕೆ ಇಲಾಖೆಯ ವಶದಲ್ಲಿವೆ. ಅಲ್ಲಿ ಒಂದೆಲೆ ಕೀಳುವುದಕ್ಕೂ ಮೊದಲೇ ಲಿಖಿತ ಅನುಮತಿ ಪಡೆಯಿರಿ.

ನೀಲಗಿರಿಯಲ್ಲಿ ಜಾತಿಯನ್ನು ನಿಖರವಾಗಿ ಬರೆಯುವುದು ಮುಖ್ಯ. ಸಿನಿಯೋಲ್‌ಗೆ ಹೆಸರಾದದ್ದು ಊಟಿಯ ಕಡೆಯ ಯೂಕಲಿಪ್ಟಸ್ ಗ್ಲಾಬ್ಯುಲಸ್, ಅದರ ಎಣ್ಣೆಯಲ್ಲಿ ಸಿನಿಯೋಲ್ ಸಾಮಾನ್ಯವಾಗಿ ಶೇ. 60ನ್ನು ಮೀರುತ್ತದೆ. ಬೆಂಗಳೂರು ಗ್ರಾಮಾಂತರ, ಕೋಲಾರ, ಚಿಕ್ಕಬಳ್ಳಾಪುರಗಳ ತೋಪುಗಳಲ್ಲಿರುವುದು ಹೆಚ್ಚಾಗಿ ‘ಮೈಸೂರು ಗಮ್’ ಎಂದು ಹೆಸರಾದ, ನಂದಿಬೆಟ್ಟದಲ್ಲಿ ಟಿಪ್ಪುವಿನ ಕಾಲದಲ್ಲಿ ನೆಟ್ಟ ಮರಗಳಿಂದ ಹರಡಿತೆಂದು ಹೇಳಲಾಗುವ ಟೆರೆಟಿಕಾರ್ನಿಸ್ ತಳಿ. ಎರಡರ ಎಣ್ಣೆಯೂ ಒಂದೇ ಎಂದು ಭಾವಿಸಿ ಪುಸ್ತಕದ ಅಂಕಿಗಳನ್ನು ಇಳಿಸಿಕೊಂಡರೆ ವರದಿ ಅಲ್ಲಿಯೇ ಕುಸಿಯುತ್ತದೆ.

ಕಾಂಗ್ರೆಸ್ ಗಿಡಕ್ಕೆ ಹೋಗುವವರು ನೈಟ್ರೈಲ್ ಕೈಗವಸು, ಉದ್ದ ತೋಳಿನ ಅಂಗಿ, ಮುಖಗವಸು ಧರಿಸಬೇಕು. ಮೊದಲೇ ಚರ್ಮದ ಅಲರ್ಜಿ ಅಥವಾ ಉಬ್ಬಸ ಇರುವವರು ಈ ಗಿಡವನ್ನು ಆರಿಸಿಕೊಳ್ಳಲೇಬಾರದು.

ಸಾರ ತೆಗೆಯುವುದು

ಎಲ್ಲ ಗಿಡಕ್ಕೂ ಸಾಕ್ಸ್‌ಲೆಟ್ ಎಂಬ ರೂಢಿಯನ್ನು ಇಲ್ಲಿಯೇ ಬಿಡಬೇಕು. ಸಿನಿಯೋಲ್‌ಗೆ ನೀರಿನ ಆವಿಯೊಂದಿಗೆ ಎಣ್ಣೆಯನ್ನು ಇಳಿಸುವ ಕ್ಲೆವೆಂಜರ್ ಉಪಕರಣ ಸಾಕು. 100 ಗ್ರಾಂ ತಾಜಾ ಎಲೆಯನ್ನು ಕತ್ತರಿಸಿ, ಒಂದು ಲೀಟರಿನ ದುಂಡು ಫ್ಲಾಸ್ಕಿನಲ್ಲಿ ಅರ್ಧದಷ್ಟು ನೀರಿನೊಂದಿಗೆ ಹಾಕಿ, ಮೂರು ಗಂಟೆ ಸಮವಾಗಿ ಕುದಿಸಬೇಕು. ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಯಲ್ಲಿಯೇ ಕುದಿಯುತ್ತದೆ. 176 ಡಿಗ್ರಿಯಲ್ಲಿ ಕುದಿಯಬೇಕಾದ ಸಿನಿಯೋಲ್ ಆವಿಯ ಜೊತೆಗೂಡಿ ಆ ತಾಪದಲ್ಲಿಯೇ ಮೇಲೇರಿ ಬರುತ್ತದೆ. ಅಳತೆ ನಳಿಕೆಯಲ್ಲಿ ನೀರಿನ ಮೇಲೆ ತೇಲುವ ತಿಳಿಹಳದಿ ಪದರದ ಎತ್ತರವನ್ನು ಕುದಿ ನಿಲ್ಲಿಸಿದ ಕೂಡಲೇ ಓದದೆ, ನಳಿಕೆ ತಣ್ಣಗಾದ ಮೇಲೆ ಓದಿ. ಎಣ್ಣೆಯನ್ನು ನಿರ್ಜಲ ಸೋಡಿಯಂ ಸಲ್ಫೇಟಿನ ಮೇಲೆ ಹಾಯಿಸಿ, ಕಂದು ಬಣ್ಣದ ಸೀಸೆಯಲ್ಲಿ ಮೇಲೆ ಖಾಲಿ ಜಾಗ ಉಳಿಯದಂತೆ ತುಂಬಿ, ಫ್ರಿಜ್ಜಿನಲ್ಲಿಡಿ.

ನೆಲಬೇವಿನ ಎಲೆಯನ್ನು ನೆರಳಿನಲ್ಲಿ ಒಣಗಿಸಿ, ತಣ್ಣನೆಯ ಮೆಥನಾಲಿನಲ್ಲಿ ಮುಚ್ಚಿಟ್ಟು, ಆಗಾಗ ಅಲುಗಿಸುತ್ತ ಎರಡು ದಿನ ನೆನೆಸಿದರೆ ಸಾಕು. ಸೋಸಿದ ದ್ರಾವಣಕ್ಕೆ ಸಕ್ರಿಯ ಇದ್ದಿಲು ಸೇರಿಸಿ ಹಸಿರನ್ನು ತೆಗೆದು, ಕಡಿಮೆ ಒತ್ತಡದಲ್ಲಿ ದ್ರಾವಕವನ್ನು ಇಳಿಸುತ್ತ ಬಂದು, ಸ್ವಲ್ಪ ಉಳಿದಾಗ ತಂಪಿನಲ್ಲಿ ಅಲುಗಾಡಿಸದೆ ಇಟ್ಟರೆ ಆಂಡ್ರೊಗ್ರಾಫೊಲೈಡ್ ಹರಳುಗಟ್ಟುತ್ತದೆ. ಮೊದಲ ಹರಳುಗಳು ಹಳದಿ ಛಾಯೆಯಲ್ಲಿರುತ್ತವೆ. ಮತ್ತೊಮ್ಮೆ ಕರಗಿಸಿ ಹರಳುಗಟ್ಟಿಸಿದ ಬಳಿಕ ಬಿಳಿಯ ಹರಳುಗಳು ಸಿಗುತ್ತವೆ, ಶುದ್ಧವಾಗಿದ್ದರೆ ಅವು 230 ಡಿಗ್ರಿಯ ಸುಮಾರಿಗೆ ಕರಗುತ್ತವೆ. ಮಳೆಗಾಲದ ಬೆಂಗಳೂರಿನಲ್ಲಿ ನೆರಳಿನಲ್ಲಿ ಒಣಗಿಸುವುದೇ ಕಷ್ಟದ ಕೆಲಸ. ಎಲೆಯ ಮೇಲೆ ಬೂಷ್ಟು ಕಾಣಿಸಿದರೆ ಆ ಕಂತೆಯನ್ನು ಎಸೆದುಬಿಡಿ, ಶಿಲೀಂಧ್ರಗಳು ತಮ್ಮದೇ ಟರ್ಪೀನುಗಳನ್ನು ತಯಾರಿಸಬಲ್ಲವು.

ಪಾರ್ಥೆನಿನ್ ಎಲೆಯ ಮೇಲ್ಮೈಯ ರೋಮಗಳಲ್ಲಿ ಶೇಖರವಾಗಿರುವುದರಿಂದ ಅರೆಯುವ ಅಗತ್ಯವೇ ಇಲ್ಲ. ಇಡಿಯ ಎಲೆ, ಹೂಗಳನ್ನು ಫ್ಯೂಮ್ ಹುಡ್ಡಿನೊಳಗೆ ಕ್ಲೋರೋಫಾರಂನಲ್ಲಿ ಅರ್ಧ ನಿಮಿಷ ಅದ್ದಿ ತೆಗೆದರೆ ಹಸಿರು ಹೆಚ್ಚು ಬೆರೆಯದ ದ್ರಾವಣ ಸಿಗುತ್ತದೆ.

ಬೇವಿನ ಆಜಾಡಿರಾಕ್ಟಿನ್ ನಾಲ್ಕರಲ್ಲಿ ಅತಿ ಸಂಕೀರ್ಣವಾದುದು. ಟ್ರೈಟರ್ಪೀನಿನಿಂದ ಹುಟ್ಟಿ ನಾಲ್ಕು ಇಂಗಾಲ ಕಳೆದುಕೊಂಡ ಲಿಮೊನಾಯ್ಡ್ ಅದು; ಸಿ35ಎಚ್44ಒ16, ಅಣುತೂಕ 720, ಆಮ್ಲಜನಕದ ಉಂಗುರಗಳು ಒಂದಕ್ಕಿಂತ ಹೆಚ್ಚು. 1968ರಲ್ಲಿ ಬೇರ್ಪಟ್ಟರೂ ರಚನೆ ಇತ್ಯರ್ಥವಾದದ್ದು 1985ರಲ್ಲಿ, ಪ್ರಯೋಗಾಲಯದಲ್ಲಿ ಪೂರ್ಣವಾಗಿ ಕಟ್ಟಿದ್ದು 2007ರಲ್ಲಿ. ಇದು ಎಲೆಗಿಂತ ಬೀಜದ ತಿರುಳಿನಲ್ಲಿ ಹೆಚ್ಚು. ಬೇವಿನ ಹಣ್ಣು ಉದುರುವ ಜೂನ್, ಜುಲೈನಲ್ಲಿ ಹಣ್ಣುಗಳನ್ನು ಆಯ್ದು, ತೊಳೆದು, ಸಿಪ್ಪೆ ಬಿಡಿಸಿ, ಬೇಗ ಒಣಗಿಸಬೇಕು. ರೈತರು ನೂರು ಲೀಟರ್ ನೀರಿಗೆ ಐದು ಕಿಲೊ ತಿರುಳಿನ ಲೆಕ್ಕದಲ್ಲಿ ತಯಾರಿಸುವ ಶೇ. 5ರ ಬೇವಿನ ಬೀಜದ ಕಷಾಯವನ್ನು ತಾರಸಿ ತೋಟದವರು ಲೀಟರಿಗೆ 50 ಗ್ರಾಂ ಲೆಕ್ಕದಲ್ಲಿ ಮಾಡಿಕೊಳ್ಳಬಹುದು: ಜಜ್ಜಿದ ತಿರುಳನ್ನು ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಚಿಟಿಕೆ ಸೋಪು ಬೆರೆಸಿ, ಸಂಜೆ ಸಿಂಪಡಿಸಬೇಕು. ಸಂಜೆ ಎಂಬುದಕ್ಕೆ ಕಾರಣವಿದೆ. ಆಜಾಡಿರಾಕ್ಟಿನ್ ಬಿಸಿಲಿನಲ್ಲಿ ಬೇಗನೆ ಒಡೆಯುತ್ತದೆ. ಬೋರ್‌ವೆಲ್ ನೀರು ಕ್ಷಾರೀಯವಾಗಿದ್ದರೆ ಅದೂ ಅಣುವನ್ನು ಕೆಡಿಸುವುದರಿಂದ ಕಷಾಯವನ್ನು ಉಳಿಸಿಟ್ಟುಕೊಳ್ಳದೆ ಆ ದಿನವೇ ಮುಗಿಸಿ. ಅಂಗಡಿಯಲ್ಲಿ ಸಿಗುವ ಬೇವಿನ ಕೀಟನಾಶಕಗಳ ಡಬ್ಬಿಯ ಮೇಲಿರುವ 300, 1500, 10,000 ಪಿಪಿಎಂ ಎಂಬ ಅಂಕಿಗಳು ಈ ಅಣುವಿನ ಪ್ರಮಾಣವನ್ನೇ ಹೇಳುತ್ತವೆ. ಕೀಟವನ್ನು ಅದು ತಕ್ಷಣ ಕೊಲ್ಲುವುದಿಲ್ಲ, ತಿನ್ನುವುದನ್ನು ನಿಲ್ಲಿಸುತ್ತದೆ, ಪೊರೆ ಕಳಚುವ ಹಾರ್ಮೋನುಗಳ ಕ್ರಮವನ್ನು ತಪ್ಪಿಸುತ್ತದೆ. ಆದ್ದರಿಂದ ಮರುದಿನವೇ ಸತ್ತ ಹುಳುಗಳನ್ನು ಎಣಿಸಿ ಫಲಿತಾಂಶವಿಲ್ಲವೆಂದು ಬರೆಯಬೇಡಿ.

ಇದೇ ಅಣು ಎಂದು ಖಚಿತಪಡಿಸಿಕೊಳ್ಳುವುದು

ನಗರದಲ್ಲಿ ಜಿಸಿ-ಎಂಎಸ್ (ಮಿಶ್ರಣವನ್ನು ಆವಿಯಾಗಿಸಿ ಬೇರ್ಪಡಿಸಿ, ಒಂದೊಂದು ಅಣುವಿನ ತುಣುಕುಗಳನ್ನೂ ತೂಗುವ ಯಂತ್ರ) ಸೌಲಭ್ಯವನ್ನು ಶುಲ್ಕಕ್ಕೆ ಒದಗಿಸುವ ಪ್ರಯೋಗಾಲಯಗಳು ಇವೆ, ಮಾದರಿ ಕೊಟ್ಟರೆ ಪಟ್ಟಿಯೊಂದು ಮರಳಿ ಬರುತ್ತದೆ. ಆ ಪಟ್ಟಿಯಲ್ಲಿ ಯಂತ್ರದ ಗ್ರಂಥಾಲಯ ಸೂಚಿಸಿದ ಹೆಸರುಗಳನ್ನೇ ಅಂತಿಮವೆಂದು ಒಪ್ಪುವುದು ಇಂದಿನ ಅನೇಕ ಪ್ರಕಟಿತ ಲೇಖನಗಳ ದೊಡ್ಡ ಕೊರತೆ. ನೀಲಗಿರಿ ಎಣ್ಣೆಯನ್ನೇ ನೋಡಿ. ಸಾಮಾನ್ಯ ಅಧ್ರುವೀಯ ಕಾಲಂನಲ್ಲಿ ಲಿಮೊನೀನ್ ಮತ್ತು ಸಿನಿಯೋಲ್ ಎರಡೂ ರಿಟೆನ್ಷನ್ ಇಂಡೆಕ್ಸ್ (ಹೊರಬರುವ ಕ್ರಮದ ಅಳತೆ) 1030ರ ಆಸುಪಾಸಿನಲ್ಲಿ ಒಂದರ ಬೆನ್ನಿಗೊಂದು ಹೊರಬಂದು, ಕಾಗದದ ಮೇಲೆ ಒಂದೇ ಶಿಖರದಂತೆ ಕಾಣುತ್ತವೆ. ಶಿಖರದ ಏರುಭಾಗದ ಸ್ಪೆಕ್ಟ್ರಮ್ಮನ್ನೂ ಇಳಿಭಾಗದ ಸ್ಪೆಕ್ಟ್ರಮ್ಮನ್ನೂ ಬೇರೆ ಬೇರೆಯಾಗಿ ತೆರೆದು ನೋಡಬೇಕು: ತುಣುಕುಗಳ ತೂಕವಾಗಿ 136, 93, 68 ಕಂಡರೆ ಲಿಮೊನೀನ್, 154, 139, 108, 81, 43 ಕಂಡರೆ ಸಿನಿಯೋಲ್. ಸಂಶಯ ಉಳಿದರೆ ಧ್ರುವೀಯ ಕಾಲಂನಲ್ಲಿ ಮತ್ತೊಮ್ಮೆ ಓಡಿಸಿ. ಲಿಮೊನೀನ್‌ಗೆ ಹೆಟರೊಸೈಕ್ಲಿಕ್ ಉಂಗುರವೇ ಇಲ್ಲ, ಹೀಗಾಗಿ ಈ ಒಂದು ಶಿಖರದ ಗೊಂದಲ ನಿಮ್ಮ ಶೀರ್ಷಿಕೆಯನ್ನೇ ಸುಳ್ಳಾಗಿಸಬಹುದು.

ಜಿಸಿಯ ಒಲೆಯ ಶಾಖವನ್ನು ಎಲ್ಲ ಉಂಗುರಗಳೂ ತಾಳುವುದಿಲ್ಲ. ಆಸ್ಕರಿಡೋಲ್ ಕಾಲಂನೊಳಗೇ ಐಸೊ-ಆಸ್ಕರಿಡೋಲ್ ಆಗಿ ಮಾರ್ಪಡುತ್ತದೆ, ಆರ್ಟೆಮಿಸಿನಿನ್ ಒಡೆದುಹೋಗುತ್ತದೆ, ಆಜಾಡಿರಾಕ್ಟಿನ್ ಆವಿಯಾಗುವುದೇ ಇಲ್ಲ. ‘ಬೇವಿನ ಸಾರದ ಜಿಸಿ-ಎಂಎಸ್‌ನಲ್ಲಿ ಆಜಾಡಿರಾಕ್ಟಿನ್ ಕಾಣಲಿಲ್ಲ’ ಎಂಬ ವಾಕ್ಯಕ್ಕೆ ಆದ್ದರಿಂದ ಅರ್ಥವಿಲ್ಲ. ಅದಕ್ಕೆ ಆವಿಯ ಬದಲು ದ್ರವದಲ್ಲಿ ಬೇರ್ಪಡಿಸುವ ಎಚ್‌ಪಿಎಲ್‌ಸಿ ಬೇಕು, 215 ನ್ಯಾನೊಮೀಟರಿನ ಆಸುಪಾಸಿನ ಬೆಳಕಿನಲ್ಲಿ. ಆಂಡ್ರೊಗ್ರಾಫೊಲೈಡ್‌ಗೂ ಎಚ್‌ಪಿಎಲ್‌ಸಿಯೇ, 225ರ ಸುಮಾರಿಗೆ. ಆರ್ಟೆಮಿಸಿನಿನ್ ಬೆಳಕನ್ನು ಹೀರುವ ಗುಂಪಿಲ್ಲದ ಅಣುವಾದ್ದರಿಂದ ಅದನ್ನು ಕ್ಷಾರದಲ್ಲಿ ಬದಲಿಸಿ, ಬಳಿಕ ಆಮ್ಲೀಯಗೊಳಿಸಿ, 260 ನ್ಯಾನೊಮೀಟರಿನಲ್ಲಿ ಅಳೆಯುವ ಹಳೆಯ ವಿಧಾನ ಉಂಟು.

ಯಂತ್ರಗಳಿಲ್ಲದ ಕಾಲೇಜಿನಲ್ಲಿಯೂ ಟಿಎಲ್‌ಸಿ ಫಲಕದಿಂದ (ದ್ರಾವಕ ಏರುತ್ತ ಸಂಯುಕ್ತಗಳನ್ನು ಬೇರ್ಪಡಿಸುವ ತೆಳು ಲೇಪದ ಫಲಕ) ಬಹಳಷ್ಟು ತಿಳಿಯುತ್ತದೆ. ಕ್ಲೋರೋಫಾರಂ ಮತ್ತು ಮೆಥನಾಲನ್ನು 9:1ರಲ್ಲಿ ಬೆರೆಸಿ ನೆಲಬೇವಿನ ಸಾರವನ್ನು ಓಡಿಸಿ, ಫಲಕವನ್ನು ಕೆಡ್ಡೆ ದ್ರಾವಣದಿಂದ ಸಿಂಪಡಿಸಿದರೆ ಅಸಂತೃಪ್ತ ಲ್ಯಾಕ್ಟೋನ್ ಇರುವ ಕಡೆ ನೇರಳೆ ಕಲೆ ಏಳುತ್ತದೆ. ಪಕ್ಕದಲ್ಲಿ ಶುದ್ಧ ಆಂಡ್ರೊಗ್ರಾಫೊಲೈಡ್‌ನ ಚುಕ್ಕಿಯನ್ನು ಇಡದೆ ಈ ಪರೀಕ್ಷೆಯನ್ನು ಮಾಡಬೇಡಿ.

ಜೈವಿಕ ಚಟುವಟಿಕೆಯನ್ನು ಅಳೆಯುವುದು

ಮೊದಲು ಅಳತೆಯ ಮಾನವನ್ನು ಸರಿಪಡಿಸಿಕೊಳ್ಳಬೇಕು. ಮಿಲಿಲೀಟರಿಗೆ 10 ಮೈಕ್ರೊಗ್ರಾಂ ಎಂದರೆ ಸಿನಿಯೋಲ್‌ಗೆ ಸುಮಾರು 65 ಮೈಕ್ರೊಮೋಲಾರ್, ಪಾರ್ಥೆನಿನ್‌ಗೆ 38, ಆರ್ಟೆಮಿಸಿನಿನ್‌ಗೆ 35, ಆಜಾಡಿರಾಕ್ಟಿನ್‌ಗೆ 14. ತೂಕದಲ್ಲಿ ಹೋಲಿಸಿದರೆ ದೊಡ್ಡ ಅಣುವಿಗೆ ಅನ್ಯಾಯವಾಗುತ್ತದೆ. ಶುದ್ಧ ಸಂಯುಕ್ತಗಳನ್ನು ಯಾವಾಗಲೂ ಮೋಲಾರ್ ಮಾನದಲ್ಲಿಯೇ, ಅಂದರೆ ಅಣುಗಳ ಸಂಖ್ಯೆಯ ಲೆಕ್ಕದಲ್ಲಿಯೇ, ಹೋಲಿಸಿ. ಸಿನಿಯೋಲ್ ಬ್ಯಾಕ್ಟೀರಿಯಾಗಳನ್ನು ತಡೆಯಲು ಸಾಮಾನ್ಯವಾಗಿ ಮಿಲಿಲೀಟರಿಗೆ ಮಿಲಿಗ್ರಾಂಗಳಷ್ಟು ಬೇಕಾಗುತ್ತದೆ, ಅದನ್ನು ‘ಪ್ರಬಲ ಬ್ಯಾಕ್ಟೀರಿಯಾ ನಿರೋಧಕ’ ಎಂದು ಕರೆಯುವುದು ಸರಿಯಲ್ಲ.

ಅಗಾರ್ ತಟ್ಟೆಯ ಮೇಲೆ ಕಾಗದದ ಬಿಲ್ಲೆ ಇಟ್ಟು ವಲಯ ಅಳೆಯುವ ವಿಧಾನ ಎಣ್ಣೆಗಳಿಗೆ ಹೊಂದುವುದಿಲ್ಲ, ನೀರಿನಲ್ಲಿ ಕರಗದ ಅಣು ಅಗಾರಿನಲ್ಲಿ ಸರಿಯಾಗಿ ಹರಡುವುದಿಲ್ಲ. ದ್ರವ ಮಾಧ್ಯಮದಲ್ಲಿ ಹಂತಹಂತವಾಗಿ ತೆಳುಗೊಳಿಸುವ ವಿಧಾನವೇ ಮೇಲು. ಅಲ್ಲಿಯೂ ಸಿನಿಯೋಲ್ ಒಂದು ತೊಂದರೆ ಕೊಡುತ್ತದೆ: 96 ಗುಳಿಗಳ ತಟ್ಟೆಯಲ್ಲಿ ಅದು ಆವಿಯಾಗಿ ಪಕ್ಕದ ಗುಳಿಗೆ ದಾಟುವುದರಿಂದ, ಏನನ್ನೂ ಸೇರಿಸದ ನಿಯಂತ್ರಣ ಗುಳಿಯಲ್ಲಿಯೂ ಬೆಳವಣಿಗೆ ಕುಗ್ಗಿದಂತೆ ಕಾಣಬಹುದು. ತಟ್ಟೆಯ ಮೇಲೆ ಅಂಟುವ ಫಿಲ್ಮ್ ಹಾಕಿ, ಹೆಚ್ಚು ಸಾಂದ್ರತೆಯ ಗುಳಿಗಳನ್ನೂ ನಿಯಂತ್ರಣ ಗುಳಿಗಳನ್ನೂ ದೂರವಿಡಿ. ಮಾನವ ಕೋಶಗಳ ಮೇಲೆ ಬದುಕಿರುವ ಕೋಶಗಳು ಬಣ್ಣ ಹುಟ್ಟಿಸುವ ಎಂಟಿಟಿ ಪರೀಕ್ಷೆ ಮಾಡುವವರು ಕೋಶಗಳಿಲ್ಲದ ಗುಳಿಯಲ್ಲಿಯೂ ಸಾರವನ್ನು ಹಾಕಿ ನೋಡಬೇಕು. ಸಸ್ಯಸಾರಗಳು ತಾವೇ ಆ ಬಣ್ಣವನ್ನು ಹುಟ್ಟಿಸಿ, ಸತ್ತ ಕೋಶಗಳನ್ನು ಬದುಕಿವೆ ಎಂದು ತೋರಿಸಬಲ್ಲವು.

ಈಗ ಉಂಗುರಕ್ಕೆ ತಕ್ಕ ನಿಯಂತ್ರಣ. ಚಟುವಟಿಕೆ ನಿಜವಾಗಿ ಉಂಗುರದಿಂದಲೇ ಬಂದಿದೆಯೇ ಎಂಬುದನ್ನು ತೋರಿಸುವ ಪ್ರಯೋಗ ಇದು. ವರದಿಯಲ್ಲಿ ಒಂದೇ ಒಂದು ಹೆಚ್ಚುವರಿ ಪ್ರಯೋಗಕ್ಕೆ ಸಮಯವಿದ್ದರೆ ಇದನ್ನೇ ಮಾಡಿ. ಲ್ಯಾಕ್ಟೋನ್ ಆಗಿದ್ದರೆ ಸಂಯುಕ್ತವನ್ನು ಮೊದಲೇ ಗಂಧಕವುಳ್ಳ ಸಿಸ್ಟೀನ್ ಅಥವಾ ಗ್ಲುಟಾಥಯೋನ್‌ನೊಂದಿಗೆ ಬೆರೆಸಿಟ್ಟು ಪರೀಕ್ಷಿಸಿ: ಚಟುವಟಿಕೆ ಮಾಯವಾದರೆ ಅದು ಗಂಧಕ ಹಿಡಿಯುವ ತಾಣದಿಂದ ಬಂದದ್ದು. ಎಂಡೋಪೆರಾಕ್ಸೈಡ್ ಆಗಿದ್ದರೆ ಒಂದು ಆಮ್ಲಜನಕ ಕಡಿಮೆಯಿರುವ ಡಿಆಕ್ಸಿಆರ್ಟೆಮಿಸಿನಿನ್‌ನಂಥ ಜೋಡಿ ಅಣುವನ್ನು ಪಕ್ಕದಲ್ಲಿಟ್ಟು ನೋಡಿ, ಇಲ್ಲವೇ ಕಬ್ಬಿಣವನ್ನು ಕಟ್ಟಿಹಾಕುವ ಡೆಫೆರಾಕ್ಸಮೀನ್ ಬಳಸಿ. ಫೋರ್ಸ್ಕೋಲಿನ್‌ಗೆ 1,9-ಡೈಡಿಆಕ್ಸಿಫೋರ್ಸ್ಕೋಲಿನ್ ಉಂಟು. ಅದು ಅಡೆನೈಲಿಲ್ ಸೈಕ್ಲೇಸನ್ನು ಎಬ್ಬಿಸುವುದಿಲ್ಲ, ಆದರೆ ಫೋರ್ಸ್ಕೋಲಿನ್‌ನ ಕೆಲವು ಇತರ ಪರಿಣಾಮಗಳನ್ನು ತೋರಿಸುತ್ತದೆ. ಎರಡೂ ಅಣುಗಳು ಒಂದೇ ಫಲಿತಾಂಶ ಕೊಟ್ಟರೆ ನಿಮ್ಮ ಪರಿಣಾಮಕ್ಕೂ ಸೈಕ್ಲಿಕ್ ಎಎಂಪಿಗೂ ಸಂಬಂಧವಿಲ್ಲ.

ಕೋಶ ಪ್ರಯೋಗಾಲಯವಿಲ್ಲದವರು ರಾಗಿಯಿಂದಲೇ ಒಂದು ಗಂಭೀರ ಪ್ರಯೋಗ ಮಾಡಬಹುದು. ಪೆಟ್ರಿ ತಟ್ಟೆಯಲ್ಲಿ ಸೋಸುಕಾಗದ ಹಾಸಿ, ಪಾರ್ಥೆನಿನ್ ದ್ರಾವಣವನ್ನು ಐದಾರು ಸಾಂದ್ರತೆಗಳಲ್ಲಿ ಹಾಕಿ, ದ್ರಾವಕ ಪೂರ್ತಿ ಆವಿಯಾದ ಮೇಲೆ ನೀರು ಸೇರಿಸಿ, ಎಣಿಸಿದ ರಾಗಿ ಕಾಳುಗಳನ್ನಿಟ್ಟು, ಕತ್ತಲಲ್ಲಿಟ್ಟು, ನಾಲ್ಕೈದು ದಿನಗಳ ಬಳಿಕ ಬೇರಿನ ಉದ್ದವನ್ನು ಅಳೆಯಿರಿ. ದ್ರಾವಕ ಮಾತ್ರ, ಸಿಸ್ಟೀನ್ ಮಾತ್ರ, ಸಿಸ್ಟೀನ್ ಬೆರೆಸಿಟ್ಟ ಪಾರ್ಥೆನಿನ್ ಈ ಮೂರು ತಟ್ಟೆಗಳು ಕಡ್ಡಾಯ. ಕಾಳು ಒಂದೇ ತಳಿಯದಾಗಿರಬೇಕು, ಕೃಷಿ ವಿಶ್ವವಿದ್ಯಾಲಯದ ಬೀಜವಾದರೆ ಒಳ್ಳೆಯದು. ಆದರೆ ಔಷಧಿ ಲೇಪಿಸಿದ ಬಿತ್ತನೆ ಬೀಜ ಬೇಡ.

ಗಂಧಕ ಹಿಡಿಯುವ ಲ್ಯಾಕ್ಟೋನುಗಳ ಬಗ್ಗೆ ಇನ್ನೊಂದು ಮಾತು ಅಗತ್ಯ. ಅವು ಪರೀಕ್ಷೆಗಿಟ್ಟ ಬಹುತೇಕ ಎಲ್ಲ ಪ್ರೋಟೀನುಗಳ ಮೇಲೂ ಏನಾದರೊಂದು ಪರಿಣಾಮ ತೋರಿಸುತ್ತವೆ. ಕ್ಯಾನ್ಸರ್ ಕೋಶ, ಬ್ಯಾಕ್ಟೀರಿಯಾ, ಶಿಲೀಂಧ್ರ, ಕಿಣ್ವ ಎಲ್ಲದರಲ್ಲಿಯೂ ಫಲಿತಾಂಶ ಬಂದಿತೆಂದು ಹಿಗ್ಗುವ ಬದಲು, ಆರೋಗ್ಯವಂತ ಕೋಶಗಳೂ ಅದೇ ಪ್ರಮಾಣದಲ್ಲಿ ಸಾಯುತ್ತಿವೆಯೇ ಎಂದು ಮೊದಲು ನೋಡಬೇಕು. ಎರಡು ಪ್ರಮಾಣಗಳ ನಡುವೆ ಹತ್ತು ಪಟ್ಟಾದರೂ ಅಂತರವಿಲ್ಲದಿದ್ದರೆ ‘ಕ್ಯಾನ್ಸರ್ ನಿರೋಧಕ’ ಎಂಬ ಪದವನ್ನು ನಾನಾದರೆ ಬಳಸುವುದಿಲ್ಲ.

ವರದಿಯಲ್ಲಿ ಬರೆಯಬೇಕಾದದ್ದು

ಫಲಿತಾಂಶದ ವಾಕ್ಯದಲ್ಲಿ ಅಣು, ಸಾಂದ್ರತೆ, ಗುರಿ, ಅವಧಿ, ಹೋಲಿಕೆಯ ಮದ್ದು ಐದೂ ಇರಬೇಕು. ‘ನೆಲಬೇವು ಜ್ವರಕ್ಕೆ ಒಳ್ಳೆಯದೆಂದು ಸಾಬೀತಾಗಿದೆ’ ಎಂದು ಬರೆಯದೆ, ‘ಶುದ್ಧ ಆಂಡ್ರೊಗ್ರಾಫೊಲೈಡ್ ಇಷ್ಟು ಮೈಕ್ರೊಮೋಲಾರ್ ಸಾಂದ್ರತೆಯಲ್ಲಿ, 24 ಗಂಟೆಗಳಲ್ಲಿ, ಈ ಕೋಶಗಳಲ್ಲಿ, ಡೆಕ್ಸಾಮೆಥಾಸೋನ್‌ಗೆ ಹೋಲಿಸಿದರೆ ಇಷ್ಟು ಪರಿಣಾಮ ತೋರಿಸಿತು’ ಎಂದು ಬರೆಯಬೇಕು. ತಟ್ಟೆಯಲ್ಲಿ ಕಂಡದ್ದನ್ನು ರೋಗಿಗೆ ಸಲಹೆಯಾಗಿ ಮಾರ್ಪಡಿಸುವುದು ನಿಮ್ಮ ಕೆಲಸವಲ್ಲ; ಆರ್ಟೆಮಿಸಿನಿನ್‌ನಂಥ ಸಾಬೀತಾದ ಮದ್ದನ್ನೂ ಒಂಟಿಯಾಗಿ ಮಾತ್ರೆಯ ರೂಪದಲ್ಲಿ ಮಾರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿಯೇ ಒತ್ತಾಯಿಸಿತು, ಒಂಟಿ ಬಳಕೆಯಿಂದ ಪರೋಪಜೀವಿ ನಿರೋಧಕತೆ ಗಳಿಸುತ್ತದೆಂಬುದು ಅದರ ಕಾರಣ. ಹರ್ಬೇರಿಯಂ ಸಂಖ್ಯೆ, ಕೊಯ್ಲಿನ ತಿಂಗಳು, ಸ್ಥಳ, ಒಣಗಿಸಿದ ತಾಪಮಾನ, ಎಣ್ಣೆಯನ್ನು ತೆಗೆದ ದಿನಕ್ಕೂ ಪರೀಕ್ಷಿಸಿದ ದಿನಕ್ಕೂ ನಡುವಿನ ಅಂತರ ಇವನ್ನೆಲ್ಲ ವಿಧಾನಗಳ ಭಾಗದಲ್ಲಿ ದಾಖಲಿಸಿ. ಕ್ಲೋರೋಫಾರಂ ತ್ಯಾಜ್ಯವನ್ನು ಸಿಂಕಿಗೆ ಸುರಿಯದೆ ಹ್ಯಾಲೊಜನ್ ದ್ರಾವಕಗಳ ಪ್ರತ್ಯೇಕ ಡಬ್ಬಿಗೆ ಹಾಕಿ, ಕಾಂಗ್ರೆಸ್ ಗಿಡದ ಉಳಿಕೆಯನ್ನು ಕಾಲೇಜಿನ ಗೊಬ್ಬರದ ಗುಂಡಿಗೆ ಎಸೆಯದೆ, ಬೀಜ ಉಳಿಯದಂತೆ ಆಟೊಕ್ಲೇವ್ ಮಾಡಿ ಬಳಿಕವೇ ವಿಲೇವಾರಿ ಮಾಡಿ.